ಕಣಗಿಲೆ ಪತಂಗ: ಹುಳು ಹುಡುಕುವುದರಿಂದ ಹಾರಿಬಿಡುವವರೆಗೆ

ನಂದಿಬಟ್ಟಲು ಗಿಡದ ತುದಿ ಎಲೆಗಳೆಲ್ಲ ರಾತ್ರಿ ಬೆಳಗಾಗುವುದರೊಳಗೆ ಮಾಯವಾಗಿ, ಬರೀ ಕಡ್ಡಿ ನಿಂತಿದ್ದರೆ ಹೆಚ್ಚಿನವರ ಕೈ ಮೊದಲು ಹೋಗುವುದು ಕೀಟನಾಶಕದ ಬಾಟಲಿಗೆ. ಒಂದು ನಿಮಿಷ ತಡೆಯಿರಿ. ಗಿಡವನ್ನು ಬೋಳಿಸಿದ್ದು ಬಹುಶಃ ಬೆರಳು ಗಾತ್ರದ ಒಂದು ಹಸಿರು ಹುಳು. ಅದನ್ನು ಬದುಕಲು ಬಿಟ್ಟರೆ ಸುಮಾರು ಒಂದು ತಿಂಗಳಲ್ಲಿ ಅಂಗೈ ಅಗಲದ ಪತಂಗವಾಗುತ್ತದೆ. ಅಷ್ಟು ಚೆಂದದ ಪತಂಗಗಳು ಕಡಿಮೆ. ಗಿಡವೂ ಸಾಯುವುದಿಲ್ಲ, ಮತ್ತೆ ಚಿಗುರುತ್ತದೆ.

ಇದು ಕಣಗಿಲೆ ಹಾಕ್ ಮಾತ್. ವೈಜ್ಞಾನಿಕ ಹೆಸರು ಡ್ಯಾಫ್ನಿಸ್ ನೀರಿಯೈ. ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ 1758ರಲ್ಲಿ ಇದನ್ನು ವರ್ಣಿಸಿದಾಗ ಇಟ್ಟ ಹೆಸರು ಸ್ಫಿಂಕ್ಸ್ ನೀರಿಯೈ. 'ನೀರಿಯೈ' ಬಂದದ್ದು ಕಣಗಿಲೆ ಗಿಡದ ಕುಲದ ಹೆಸರಿನಿಂದ. ಹೆಸರಿನಲ್ಲಿ ಕಣಗಿಲೆ ಇದ್ದರೂ ನನ್ನ ಸಲಹೆ ಕೇಳಿದರೆ ಹುಡುಕಾಟವನ್ನು ನಂದಿಬಟ್ಟಲಿನಿಂದ ಶುರುಮಾಡಿ. ಕಾರಣ ಮುಂದೆ ಹೇಳುತ್ತೇನೆ.

ಮೊದಲು ಪತಂಗದ ಗುರುತು ಮಾಡಿಕೊಳ್ಳಿ

ರೆಕ್ಕೆ ಬಿಚ್ಚಿದಾಗ ಒಂದು ತುದಿಯಿಂದ ಇನ್ನೊಂದು ತುದಿಗೆ 9ರಿಂದ 11 ಸೆಂಟಿಮೀಟರ್ ಇರುತ್ತದೆ, ಕೆಲವೊಮ್ಮೆ ಇನ್ನೂ ತುಸು ದೊಡ್ಡದು. ಮೈ ದಪ್ಪ, ಹಿಂಭಾಗಕ್ಕೆ ಹೋದಂತೆ ಚೂಪು. ಮುಂದಿನ ರೆಕ್ಕೆಗಳು ಉದ್ದ ಮತ್ತು ಕಿರಿದು. ಗೋಡೆಯ ಮೇಲೆ ಕೂತಾಗ ರೆಕ್ಕೆಗಳನ್ನು ಹಿಂದಕ್ಕೆ ಚಾಚಿಕೊಂಡಿರುವುದರಿಂದ ಮೇಲಿನಿಂದ ನೋಡಿದರೆ ತ್ರಿಕೋನದ ಹಾಗೆ ಕಾಣುತ್ತದೆ.

ಬಣ್ಣವೇ ಇದರ ಸಹಿ. ಪಾಚಿ ಹಸಿರಿನ ಮೇಲೆ ಅಲೆಅಲೆಯಾಗಿ ತಿಳಿ ಗುಲಾಬಿ, ಕೆನೆ, ನೇರಳೆ ಪಟ್ಟೆಗಳು. ಸೈನಿಕರ ಸಮವಸ್ತ್ರ ನೆನಪಾಗುವ ಈ ಚಿತ್ತಾರದಿಂದಾಗಿಯೇ ಇಂಗ್ಲಿಷಿನಲ್ಲಿ ಇದಕ್ಕೆ ಆರ್ಮಿ ಗ್ರೀನ್ ಮಾತ್ ಎಂಬ ಹೆಸರೂ ಇದೆ. ಹತ್ತಿರ ಹೋಗಿ ನೋಡಿ: ಮುಂದಿನ ರೆಕ್ಕೆ ಮೈಗೆ ಸೇರುವ ಜಾಗದಲ್ಲಿ ಸಣ್ಣ ಬಿಳಿ ಮಚ್ಚೆ, ಅದರೊಳಗೆ ಗಾಢ ಹಸಿರಿನ ಒಂದು ಚುಕ್ಕೆ. ಇದು ಕಂಡರೆ ಅನುಮಾನ ಬಹುಮಟ್ಟಿಗೆ ಹೋದ ಹಾಗೆ. ಹಿಂದಿನ ರೆಕ್ಕೆ ಅಷ್ಟು ಅಲಂಕಾರದ್ದಲ್ಲ. ಬೂದು ನೇರಳೆ, ಅಂಚಿನ ಕಡೆಗೆ ಹಸಿರು, ನಡುವೆ ಬೆಳ್ಳಗಿನ ಡೊಂಕು ಗೆರೆ. ಕೂತಾಗ ಅದು ಮುಚ್ಚಿಹೋಗಿರುತ್ತದೆ.

ಇದನ್ನೇ ಹೋಲುವ ಹತ್ತಿರದ ನಂಟ ಒಂದಿದೆ, ಡ್ಯಾಫ್ನಿಸ್ ಹೈಪೋಥೌಸ್. ಅದು ಒಟ್ಟಾರೆ ಹೆಚ್ಚು ಕಪ್ಪಾಗಿರುತ್ತದೆ, ಮುಂದಿನ ರೆಕ್ಕೆಯ ತುದಿಯಲ್ಲಿ ಒಂದು ಪುಟ್ಟ ಬಿಳಿ ಚುಕ್ಕೆ ಇರುತ್ತದೆ. ಅದರ ಹುಳು ತಿನ್ನುವುದು ಹೆಚ್ಚಾಗಿ ಕ್ವಿನೈನ್ ಕೊಡುವ ಸಿಂಕೋನಾ ಮರದ ಕುಟುಂಬದ ಗಿಡಗಳನ್ನು. ಹಾಗಾಗಿ ನಿಮ್ಮ ಹುಳು ಸಿಕ್ಕಿದ್ದು ನಂದಿಬಟ್ಟಲಲ್ಲಿ ಎಂದಾದರೆ ಗೊಂದಲಕ್ಕೆ ಆಸ್ಪದ ಕಡಿಮೆ.

ಎಲ್ಲೆಲ್ಲಿ ಸಿಗುತ್ತದೆ

ಆಫ್ರಿಕಾದ ಉದ್ದಗಲಕ್ಕೆ, ಪಶ್ಚಿಮ ಏಷ್ಯಾದಲ್ಲಿ, ಭಾರತ ಮತ್ತು ಶ್ರೀಲಂಕಾದಲ್ಲಿ, ಆಗ್ನೇಯ ಏಷ್ಯಾದಲ್ಲಿ ಇದರ ನೆಲೆ. ಯುರೋಪಿನಲ್ಲಿ ಸಿಸಿಲಿ, ಕ್ರೀಟ್, ಸೈಪ್ರಸ್ಸಿನಂಥ ಬೆಚ್ಚಗಿನ ಮೂಲೆಗಳನ್ನು ಬಿಟ್ಟರೆ ಉಳಿದೆಡೆ ಇದು ಬೇಸಿಗೆಯ ಅತಿಥಿ. ದಕ್ಷಿಣದಿಂದ ಸಮುದ್ರ ದಾಟಿ ಉತ್ತರಕ್ಕೆ ಹಾರುತ್ತದೆ, ಅಪರೂಪಕ್ಕೆ ಬ್ರಿಟನ್ನಿನವರೆಗೂ ಹೋಗುತ್ತದೆ, ಮೊಟ್ಟೆಯನ್ನೂ ಇಡುತ್ತದೆ. ಆದರೆ ಅಲ್ಲಿನ ಚಳಿಗಾಲವನ್ನು ಅದರ ಸಂತತಿ ದಾಟುವುದಿಲ್ಲ. ಹವಾಯಿ ದ್ವೀಪಗಳಲ್ಲಿ 1974ರಲ್ಲಿ ಮೊದಲು ಕಂಡಿತು, ಈಗ ಅಲ್ಲಿಯೂ ಬೇರೂರಿದೆ. ಜನ ಅಲಂಕಾರಕ್ಕೆಂದು ಕಣಗಿಲೆಯನ್ನು ಹೋದಲ್ಲೆಲ್ಲ ನೆಟ್ಟಿರುವುದು ಇದಕ್ಕೆ ಅನುಕೂಲವಾಗಿದೆ.

ಯಾವ ಗಿಡ ನೋಡಬೇಕು

ಹುಳು ತಿನ್ನುವುದು ಬಹುತೇಕ ಒಂದೇ ಕುಟುಂಬದ ಗಿಡಗಳನ್ನು, ಅಂದರೆ ಮುರಿದರೆ ಹಾಲು ಬರುವ ಕಣಗಿಲೆಯ ಬಳಗವನ್ನು. ಕಣಗಿಲೆ, ನಂದಿಬಟ್ಟಲು, ನಿತ್ಯಪುಷ್ಪ, ಅಡೇನಿಯಂ, ಹಾಲೆಮರ, ಸರ್ಪಗಂಧಿ ಇವೆಲ್ಲ ಅದರ ಪಟ್ಟಿಯಲ್ಲಿವೆ.

ನಂದಿಬಟ್ಟಲಿನಿಂದ ಶುರುಮಾಡಿ ಎಂದಿದ್ದಕ್ಕೆ ಎರಡು ಕಾರಣ. ಒಂದು, ಅದರ ಎಲೆ ಅಗಲ, ಟೊಂಗೆಗಳ ನಡುವೆ ಕಣ್ಣಾಡಿಸುವುದು ಸುಲಭ. ಇನ್ನೊಂದು ಹೆಚ್ಚು ಮುಖ್ಯ: ಕಣಗಿಲೆ ಕಡು ವಿಷದ ಗಿಡ. ಅದರ ಎಲೆ, ಹೂ, ಕಾಂಡ, ಹಾಲು ಎಲ್ಲದರಲ್ಲೂ ಓಲಿಯಾಂಡ್ರಿನ್‌ನಂಥ, ಹೃದಯದ ಬಡಿತವನ್ನೇ ಕೆಡಿಸುವ ರಾಸಾಯನಿಕಗಳಿವೆ. ಮಕ್ಕಳ ಜೊತೆ ಹುಳು ಸಾಕುವ ಯೋಚನೆ ಇದ್ದರೆ ದಿನವೂ ಕಣಗಿಲೆ ಎಲೆ ಕಿತ್ತು ತರುವುದು ಬೇಡ. ಕಣಗಿಲೆಯೇ ಗತಿ ಎಂದಾದರೆ ಕೈಗವಸು ಹಾಕಿ, ಹಾಲು ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ, ಸೋಪು ಹಾಕಿ ಕೈ ತೊಳೆಯಿರಿ. ಉಳಿದ ಎಲೆ ಕಡ್ಡಿಗಳನ್ನು ದನಕರುಗಳ ಬಾಯಿಗೆ ಸಿಗುವಲ್ಲಿ ಎಸೆಯಬೇಡಿ, ಸುಡಲೂಬೇಡಿ.

ಹಾಗಾದರೆ ಹುಳು ಹೇಗೆ ಬದುಕುತ್ತದೆ? ತಿಂದ ವಿಷದ ಹೆಚ್ಚಿನ ಪಾಲು ಹಿಕ್ಕೆಯ ಜೊತೆ ಹೊರಗೆ ಹೋಗುತ್ತದೆ. ನರಗಳ ಸುತ್ತ ಇರುವ ಪದರ ಉಳಿದದ್ದು ಒಳಗಿಳಿಯದಂತೆ ತಡೆಯುತ್ತದೆ. ಎಕ್ಕದ ಗಿಡ ತಿಂದು ಬೆಳೆಯುವ ಕೆಲವು ಚಿಟ್ಟೆಗಳು ವಿಷವನ್ನು ಮೈಯಲ್ಲಿ ಕೂಡಿಟ್ಟು, ಕಣ್ಣು ಕೋರೈಸುವ ಬಣ್ಣದಲ್ಲಿ ಅದನ್ನು ಸಾರಿಕೊಂಡು ಓಡಾಡುತ್ತವೆ. ಈ ಹುಳುವಿನ ದಾರಿ ಅದಲ್ಲ, ಎಲೆಯ ಬಣ್ಣದಲ್ಲಿ ಅಡಗುವುದು.

ನೆಲ ನೋಡಿ, ಆಮೇಲೆ ಗಿಡ

ಹೊಸಬರು ಎಡವುವುದು ಇಲ್ಲಿಯೇ. ಎಲೆಗಳ ನಡುವೆ ಹಸಿರು ಹುಳುವನ್ನು ಹುಡುಕುತ್ತ ನಿಂತರೆ ಕಣ್ಣು ನೋಯುತ್ತದೆಯೇ ಹೊರತು ಹುಳು ಸಿಗುವುದಿಲ್ಲ. ಅದು ಎಲೆಯ ಕೆಳಗೆ, ನಡುನರಕ್ಕೆ ಒತ್ತಿಕೊಂಡು ಮಲಗಿರುತ್ತದೆ. ದೊಡ್ಡದಾದ ಮೇಲೆ ಹಗಲಲ್ಲಿ ಕಾಂಡದ ಬುಡಕ್ಕೂ ಇಳಿಯಬಹುದು.

ಅದಕ್ಕೆ ಮೊದಲು ಗಿಡದ ಬುಡ ನೋಡಿ. ದೊಡ್ಡ ಹುಳುವಿನ ಹಿಕ್ಕೆ ಒಳ್ಳೆಮೆಣಸಿನ ಕಾಳಿನಷ್ಟು ದಪ್ಪ, ಪುಟ್ಟ ಪೀಪಾಯಿಯ ಆಕಾರ, ಮೈಮೇಲೆ ಉದ್ದಕ್ಕೆ ಗೀರುಗಳು. ಗಾಢ ಹಸಿರಾಗಿ ಮೆತ್ತಗಿದ್ದರೆ ಈಗಷ್ಟೇ ಬಿದ್ದದ್ದು, ಹುಳು ನೇರ ಮೇಲೆಯೇ ಇದೆ. ಒಣಗಿ ಕಂದಾಗಿ ಪುಡಿಯಾಗುವಂತಿದ್ದರೆ ಅದು ಜಾಗ ಬದಲಿಸಿರಬಹುದು, ಅಥವಾ ಹಕ್ಕಿಯ ಪಾಲಾಗಿರಬಹುದು. ನೆಲದಲ್ಲಿ ಕಸ ಹೆಚ್ಚಿದ್ದರೆ ಸಂಜೆ ಒಂದು ಹಳೆಯ ಕಾಗದ ಹಾಸಿ ಹೋಗಿ. ಬೆಳಿಗ್ಗೆ ಹಿಕ್ಕೆ ಎಲ್ಲಿ ಬಿದ್ದಿದೆಯೋ ಅದರ ಮೇಲಿನ ಟೊಂಗೆಯನ್ನು ತುದಿಯಿಂದ ಒಳಕ್ಕೆ ನೋಡುತ್ತ ಬನ್ನಿ. ತುದಿಯಲ್ಲಿ ಎಲೆಯ ತೊಟ್ಟಷ್ಟೇ ಉಳಿದ ಕಡ್ಡಿ ಸಿಕ್ಕರೆ ಹುಳು ಅಲ್ಲಿಂದ ಗೇಣುದ್ದ ದೂರದೊಳಗೆ ಇರುವ ಸಾಧ್ಯತೆ ಹೆಚ್ಚು. ಇಷ್ಟಾದರೂ ಸಿಗದಿದ್ದರೆ ರಾತ್ರಿ ಟಾರ್ಚ್ ಹಿಡಿದು ಹೋಗಿ. ತಿನ್ನಲು ತುದಿಗೆ ಬಂದಿರುತ್ತದೆ.

ಮೊಟ್ಟೆ ಹುಡುಕುವುದು ತಾಳ್ಮೆಯ ಕೆಲಸ. ಸುಮಾರು ಒಂದೂವರೆ ಮಿಲಿಮೀಟರಿನ ತಿಳಿಹಸಿರು ಗುಂಡು. ಎಳೆ ಎಲೆಗಳ ಮೇಲೆ, ಹೆಚ್ಚಾಗಿ ಕೆಳಮೈಯಲ್ಲಿ, ಒಂದೊಂದಾಗಿ ಇಟ್ಟಿರುತ್ತದೆ. ಸಿಕ್ಕರೆ ಮಾತ್ರ ಅದೇ ಒಳ್ಳೆಯದು, ಏಕೆಂದರೆ ಮೊಟ್ಟೆಯಿಂದ ಬೆಳೆಸಿದ ಹುಳುವಿಗೆ ಪರಾವಲಂಬಿ ನೊಣದ (ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ತನ್ನ ಮರಿಗಳಿಗೆ ಅದನ್ನೇ ಉಣಿಸುವ ನೊಣ) ಕಾಟ ತಾಗಿರುವುದಿಲ್ಲ.

ಸಿಕ್ಕಿದ ಹುಳು ಇದೇನಾ

ಮೊಟ್ಟೆಯೊಡೆದು ಬಂದಾಗ ಹಳದಿ ಬಣ್ಣದ ಮೂರು ನಾಲ್ಕು ಮಿಲಿಮೀಟರ್ ದಾರದಂತಿರುತ್ತದೆ. ಹಿಂದೆ ಮೈಗೆ ಹೋಲಿಸಿದರೆ ವಿಪರೀತ ಉದ್ದದ, ತೆಳ್ಳನೆಯ ಕಪ್ಪು ಕೊಂಬು. ಎಲೆ ತಿನ್ನಲು ಶುರುಮಾಡಿದ ಮೇಲೆ ಹಸಿರಾಗುತ್ತದೆ. ಒಂದೊಂದು ಸಲ ಪೊರೆ ಬಿಟ್ಟಾಗಲೂ ರೂಪ ತುಸು ಬದಲಾಗುತ್ತ ಹೋಗಿ, ಕೊನೆಯ ಹಂತದಲ್ಲಿ ಏಳೆಂಟು ಸೆಂಟಿಮೀಟರ್ ಉದ್ದದ ಗುಂಡು ಹುಳುವಾಗುತ್ತದೆ. ಆಗ ಕೊಂಬು ಮೋಟು, ಕಿತ್ತಳೆ ಹಳದಿ, ಕೆಳಕ್ಕೆ ಬಾಗಿದ್ದು. ಪಕ್ಕೆಯುದ್ದಕ್ಕೂ ಒಂದು ಬಿಳಿ ಗೆರೆ, ಅದರ ಆಚೀಚೆ ಬಿಳಿ ಚುಕ್ಕೆಗಳು ಚೆಲ್ಲಿರುತ್ತವೆ.

ನಿಜವಾದ ಗುರುತು ತಲೆಯ ಹಿಂದಿದೆ. ಎರಡು ದೊಡ್ಡ ಕಣ್ಣಿನ ಮಚ್ಚೆಗಳು, ಒಳಗೆ ತಿಳಿನೀಲಿ ಬಿಳುಪು, ಸುತ್ತ ಕಪ್ಪು ಅಂಚು. ಇವು ಕಣ್ಣಲ್ಲ, ತಲೆಯೂ ಅಲ್ಲಿಲ್ಲ. ಸುಮ್ಮನೆ ಕೂತಾಗ ಚರ್ಮದ ಮಡಿಕೆಯಲ್ಲಿ ಅರ್ಧ ಮುಚ್ಚಿರುತ್ತವೆ. ಎಲೆಯನ್ನು ಮೆಲ್ಲಗೆ ಅಲ್ಲಾಡಿಸಿ ನೋಡಿ. ಹುಳು ತಲೆಯನ್ನು ಕೆಳಕ್ಕೆ ಎಳೆದುಕೊಂಡು ಮುಂಭಾಗವನ್ನು ಉಬ್ಬಿಸುತ್ತದೆ. ಮಡಿಕೆ ಬಿಚ್ಚಿ ಎರಡೂ 'ಕಣ್ಣು' ಅರಳುತ್ತವೆ. ನೋಡುವ ಹಕ್ಕಿಗೆ ಎದುರಿಗೆ ಪುಟ್ಟ ಹಾವು. ಒಂದು ಸಲ ನೋಡಿದರೆ ಸಾಕು, ಪದೇ ಪದೇ ಕೆಣಕಿ ವಿಡಿಯೊ ಮಾಡುವುದು ಬೇಡ.

ಕೆಸುವಿನ ಎಲೆ ತಿನ್ನುವ ಥೆರೆಟ್ರಾ ಜಾತಿಯ ಹುಳುಗಳಲ್ಲೂ ಇಂಥ ಕಣ್ಣುಗಳಿರುತ್ತವೆ, ಆದರೆ ಅವು ಪಕ್ಕೆಯುದ್ದಕ್ಕೂ ಸಾಲಾಗಿರುತ್ತವೆ. ಕಣಗಿಲೆ ಹುಳುವಿಗೆ ಒಂದೇ ಜೊತೆ.

ಕೊಂಬು ಚುಚ್ಚುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಇಲ್ಲ. ಅದು ಮೆತ್ತಗಿದೆ, ವಿಷವಿಲ್ಲ. ಕಂಬಳಿಹುಳುವಿನಂಥ ತುರಿಕೆಯ ರೋಮವೂ ಇದಕ್ಕಿಲ್ಲ.

ಸಾಕುವುದೋ, ಗಿಡದಲ್ಲೇ ಬಿಡುವುದೋ

ಗಿಡ ದೊಡ್ಡದಿದ್ದರೆ ಗಿಡದಲ್ಲೇ ಬಿಡಿ, ನನ್ನ ಮತ ಅದಕ್ಕೇ. ತುದಿ ಟೊಂಗೆಗೆ ಸೊಳ್ಳೆಪರದೆಯ ಬಟ್ಟೆಯ ಚೀಲ ತೊಡಿಸಿ ಬಾಯಿ ಕಟ್ಟಿದರೆ ಹುಳುವಿಗೆ ತಾಜಾ ಎಲೆ, ಗಾಳಿ ಎರಡೂ ಸಿಗುತ್ತವೆ, ಕಣಜ ಮತ್ತು ಹಕ್ಕಿ ದೂರ ಉಳಿಯುತ್ತವೆ. ಎಲೆ ಮುಗಿದಾಗ ಚೀಲವನ್ನು ಬೇರೆ ಟೊಂಗೆಗೆ ಬದಲಿಸಿದರಾಯಿತು. ಗಿಡ ಚಿಕ್ಕ ಕುಂಡದ್ದಾಗಿ, ತಿಂದು ಖಾಲಿಯಾಗುವ ಹಾಗಿದ್ದರೆ ಮಾತ್ರ ಡಬ್ಬಿಯ ಯೋಚನೆ ಮಾಡಿ.

ಡಬ್ಬಿಯಲ್ಲಿ ಸಾಕುವವರು ಗಮನಿಸಬೇಕಾದ್ದು ಇಷ್ಟು. ಶೂ ಬಾಕ್ಸಿನಷ್ಟು ದೊಡ್ಡ ಡಬ್ಬಿಗೆ ಒಂದೆರಡು ಹುಳುಗಿಂತ ಹೆಚ್ಚು ಬೇಡ. ಬಾಯಿಗೆ ಬಲೆ ಬಟ್ಟೆ ಕಟ್ಟಿ, ಬಿಗಿ ಮುಚ್ಚಳ ಹಾಕಬೇಡಿ. ಒಳಗೆ ನೀರಾವಿ ಹನಿಗಟ್ಟಿದರೆ ರೋಗ ಬಂದಂತೆಯೇ. ಹುಳು ಜೋಲುಬಿದ್ದು ಕಪ್ಪಾಗಿ ನೀರಾಗುತ್ತದೆ, ಆಮೇಲೆ ಮಾಡುವುದೇನೂ ಉಳಿದಿರುವುದಿಲ್ಲ. ತಳಕ್ಕೆ ಟಿಶ್ಯೂ ಕಾಗದ ಹಾಸಿ ದಿನಕ್ಕೊಮ್ಮೆ ಹಿಕ್ಕೆ ಸಮೇತ ಬದಲಿಸಿ.

ಎಲೆ ಬಾಡದಿರಲು ಕಡ್ಡಿಯನ್ನು ಸಣ್ಣ ಬಾಯಿಯ ಬಾಟಲಿಯ ನೀರಿನಲ್ಲಿಡಬಹುದು, ಆದರೆ ಬಾಯಿಯ ಸುತ್ತ ಹತ್ತಿ ತುರುಕಲೇಬೇಕು. ಇಲ್ಲದಿದ್ದರೆ ಹುಳು ಕಡ್ಡಿ ಹಿಡಿದು ಕೆಳಗಿಳಿದು ನೀರಿನಲ್ಲಿ ಮುಳುಗುತ್ತದೆ. ನಂದಿಬಟ್ಟಲಲ್ಲಿ ಸಿಕ್ಕ ಹುಳುವಿಗೆ ನಂದಿಬಟ್ಟಲನ್ನೇ ಕೊಡಿ. ನಡುವೆ ಗಿಡ ಬದಲಿಸಿದರೆ ಹಲವು ಹುಳುಗಳು ತಿನ್ನದೆ ಮುಷ್ಕರ ಹೂಡುತ್ತವೆ. ನರ್ಸರಿಯಿಂದ ಹೊಸದಾಗಿ ತಂದ ಗಿಡದ ಎಲೆ ಮಾತ್ರ ಬೇಡವೇ ಬೇಡ. ಬೇರಿನ ಮೂಲಕ ಹೀರಿಕೊಂಡ ಕೀಟನಾಶಕ ತೊಳೆದರೆ ಹೋಗುವುದಿಲ್ಲ.

ನಡುವೆ ಒಂದೊಂದು ದಿನ ಹುಳು ತಿನ್ನದೆ, ಅಲುಗಾಡದೆ, ಮುಂಭಾಗ ಎತ್ತಿಕೊಂಡು ಕೂತುಬಿಡುತ್ತದೆ. ಕಾಯಿಲೆ ಎಂದು ಗಾಬರಿ ಬೇಡ, ಪೊರೆ ಕಳಚುವ ತಯಾರಿ ಅದು. ಆಗ ಅದನ್ನು ಹಿಡಿದೆತ್ತಿ ಹೊಸ ಎಲೆಗೆ ಹಾಕಬೇಡಿ. ಕಾಲಿಗೆ ಹಿಡಿತ ಬೇಕೆಂದು ಎಲೆಗೆ ರೇಷ್ಮೆಯ ತೆಳುಪದರ ಹಾಸಿ ಅದನ್ನು ಕಚ್ಚಿ ಹಿಡಿದಿರುತ್ತದೆ. ಕಿತ್ತರೆ ಹಳೆಯ ಚರ್ಮದೊಳಗೇ ಸಿಕ್ಕಿಕೊಳ್ಳುತ್ತದೆ. ಎಲೆಯ ಸಮೇತ ಕತ್ತರಿಸಿ ಇಟ್ಟರೆ ಸಾಕು. ತಲೆಯ ಹಿಂದೆ ಅಂಟಿದ ಬಿಳಿ ಚುಕ್ಕಿಯಂಥ ಮೊಟ್ಟೆಗಳು ಕಂಡರೆ ಪರಾವಲಂಬಿ ನೊಣ ಬಂದು ಹೋಗಿದೆ ಎಂದರ್ಥ. ಅಂಥ ಹುಳು ಪತಂಗವಾಗುವುದು ಕಷ್ಟ. ಅದೂ ತೋಟದ ಲೆಕ್ಕಾಚಾರವೇ.

ಹಸಿರು ಕಂದಾದ ದಿನ

ಬೆಚ್ಚಗಿನ ಹವೆಯಲ್ಲಿ ಎರಡು ಮೂರು ವಾರ ತಿಂದ ಮೇಲೆ ಒಂದು ದಿನ ಹುಳುವಿನ ಬೆನ್ನು ಕಂದು, ಕಪ್ಪುಗಂದಾಗುತ್ತದೆ. ತಿನ್ನುವುದು ನಿಲ್ಲುತ್ತದೆ. ನೀರು ನೀರಾದ ಹಿಕ್ಕೆ ಹಾಕಿ ಗಿಡದಿಂದ ಇಳಿದು ಗೊತ್ತುಗುರಿಯಿಲ್ಲದವರಂತೆ ಓಡಾಡಲು ಶುರುಮಾಡುತ್ತದೆ. ಬಲೆ ಸಡಿಲವಿದ್ದರೆ ಅವತ್ತು ರಾತ್ರಿ ಸೋಫಾದ ಕೆಳಗೆ ಹುಡುಕಬೇಕಾಗುತ್ತದೆ. ಗಿಡದಲ್ಲೇ ಚೀಲ ಕಟ್ಟಿದ್ದರೆ ಈ ಹಂತದಲ್ಲಿ ಚೀಲ ಬಿಚ್ಚಿ, ಹುಳುವನ್ನು ಡಬ್ಬಿಗೆ ತನ್ನಿ, ಇಲ್ಲವೇ ಬುಡದ ತರಗೆಲೆಗೆ ಇಳಿಯಲು ಬಿಡಿ.

ಡಬ್ಬಿಯ ತಳಕ್ಕೆ ನಾಲ್ಕೈದು ಬೆರಳು ದಪ್ಪ ತೆಂಗಿನನಾರಿನ ಪುಡಿ ಅಥವಾ ಸಡಿಲ ಮಣ್ಣು, ಅದರ ಮೇಲೆ ಒಣಗಿದ ಎಲೆಗಳ ಹಾಸು. ಹುಳು ಎಲೆಗಳ ನಡುವೆ ನುಗ್ಗಿ ನಾಲ್ಕೆಳೆ ರೇಷ್ಮೆಯಿಂದ ಅವುಗಳನ್ನು ಸೇರಿಸಿಕೊಂಡು ಒಳಗೆ ಕೂರುತ್ತದೆ. ರೇಷ್ಮೆಹುಳುವಿನ ಗಟ್ಟಿ ಗೂಡನ್ನು ಇಲ್ಲಿ ನಿರೀಕ್ಷಿಸಬೇಡಿ. ಕೆಲವು ದಿನಗಳಲ್ಲಿ ಕುಗ್ಗಿ, ಕೊನೆಯ ಪೊರೆ ಬಿಟ್ಟು ಕೋಶವಾಗುತ್ತದೆ. ಆರೇಳು ಸೆಂಟಿಮೀಟರ್ ಉದ್ದ, ತಿಳಿಗಂದು ಬಣ್ಣ, ಪಕ್ಕೆಗಳಲ್ಲಿ ಸಾಲಾಗಿ ಕಪ್ಪು ಚುಕ್ಕೆ. ಅವು ಉಸಿರಾಟದ ರಂಧ್ರಗಳು. ಹೊಟ್ಟೆಯ ಕಡೆ ಸೊಂಡಿಲು ಇರುವ ಜಾಗದಲ್ಲಿ ಕಪ್ಪು ಗೆರೆ.

ಮೊದಲ ಕೆಲವು ದಿನ ಮುಟ್ಟಲೇಬೇಡಿ, ಚರ್ಮ ಇನ್ನೂ ಗಟ್ಟಿಯಾಗಿರುವುದಿಲ್ಲ. ಎರಡು ದಿನಕ್ಕೊಮ್ಮೆ ನೀರು ತುಂತುರಾಗಿ ಸಿಂಪಡಿಸಿದರೆ ಸಾಕು, ಒದ್ದೆ ಮಾಡಿದರೆ ಬೂಸ್ಟು ಹಿಡಿಯುತ್ತದೆ. ಬಿಸಿಲು ಬೀಳುವ ಕಿಟಕಿಯಿಂದ ದೂರವಿಡಿ.

ಹೊರಬರುವ ಹೊತ್ತು

ಬೆಚ್ಚಗಿದ್ದರೆ ಇದಕ್ಕೂ ಎರಡು ಮೂರು ವಾರ, ತಂಪಿದ್ದರೆ ಇನ್ನೂ ಹೆಚ್ಚು. ಕೋಶ ಕಪ್ಪಾಗಿ, ಸಿಪ್ಪೆಯೊಳಗಿಂದ ರೆಕ್ಕೆಯ ಚಿತ್ತಾರ ಕಾಣತೊಡಗಿದರೆ ಇನ್ನು ಒಂದೆರಡು ದಿನವಷ್ಟೇ. ಆಗ ಮಾಡಬೇಕಾದ ಕೆಲಸ ಒಂದೇ, ಆದರೆ ಮರೆತರೆ ಅಷ್ಟೂ ದಿನದ ಪಾಡು ವ್ಯರ್ಥ: ಹತ್ತಲು ಒರಟಾದ ಏನನ್ನಾದರೂ ಇಡಿ. ತೊಗಟೆಯಿರುವ ಕಡ್ಡಿ, ಗೋಡೆಗೆ ಆನಿಸಿದ ಒರಟು ಬಟ್ಟೆ, ಏನಾದರೂ ಸರಿ. ಹೊರಬಂದಾಗ ರೆಕ್ಕೆಗಳು ಮುದ್ದೆಯಾಗಿ ಬೆರಳಿನ ಉಗುರಿನಷ್ಟಿರುತ್ತವೆ. ಪತಂಗ ಮೇಲೆ ಹತ್ತಿ, ರೆಕ್ಕೆ ಕೆಳಕ್ಕೆ ಜೋತುಬೀಳುವಂತೆ ನಿಂತು, ಅವಕ್ಕೆ ದ್ರವ ತುಂಬಿ ಅರಳಿಸಿಕೊಳ್ಳಬೇಕು. ಪ್ಲಾಸ್ಟಿಕ್ ಡಬ್ಬಿಯ ನುಣುಪು ಗೋಡೆಯಲ್ಲಿ ಜಾರಿ ಜಾರಿ ಬಿದ್ದರೆ ರೆಕ್ಕೆ ಮುದುಡಿದಂತೆಯೇ ಒಣಗುತ್ತದೆ, ಆಮೇಲೆ ಸರಿಯಾಗದು.

ಅರಳಲು ಅರ್ಧ ಗಂಟೆ ಸಾಕು, ಗಟ್ಟಿಯಾಗಲು ಇನ್ನೂ ಕೆಲವು ಗಂಟೆ. ಈ ನಡುವೆ ಹೊಟ್ಟೆಯ ತುದಿಯಿಂದ ಒಂದಿಷ್ಟು ದ್ರವ ಬೀಳುತ್ತದೆ. ಕೋಶದಲ್ಲಿದ್ದಾಗ ಕೂಡಿದ ಕಸ ಅದು, ಗಾಯವಾಗಿ ರಕ್ತ ಸೋರುತ್ತಿದೆ ಎಂದುಕೊಳ್ಳಬೇಡಿ. ಕೈಯಲ್ಲಿ ಹಿಡಿದು ಫೋಟೊ ತೆಗೆಯುವ ಆಸೆ ಬಿಡಿ, ರೆಕ್ಕೆಯ ಹುರುಪೆ ಬೆರಳಿಗೆ ಅಂಟಿ ಬರುತ್ತದೆ. ಕಡ್ಡಿಯನ್ನೇ ಎತ್ತಿ ಗಿಡದ ಬಳಿ ಇಟ್ಟು ತೆಗೆಯಿರಿ.

ಬಿಡುವುದು ಮುಸ್ಸಂಜೆಗೆ. ಹಗಲಲ್ಲಿ ಬಿಟ್ಟರೆ ಹಕ್ಕಿಗಳಿಗೆ ಬಡಿಸಿಟ್ಟಂತೆ. ಹಾರುವ ಮುಂಚೆ ಕೂತಲ್ಲೇ ರೆಕ್ಕೆಗಳನ್ನು ಗಡಗಡ ನಡುಗಿಸುತ್ತದೆ. ಅದು ಹೆದರಿಕೆಯಲ್ಲ, ಹಾರಾಟದ ಸ್ನಾಯುಗಳನ್ನು ಬಿಸಿ ಮಾಡಿಕೊಳ್ಳುವ ರೀತಿ. ಆಗ ನಡುವೆ ಕೈ ಹಾಕದೆ ದೂರ ನಿಲ್ಲಿ.

ದೊಡ್ಡ ಪತಂಗವನ್ನು ಹೊರಗೆ ನೋಡಬೇಕೆಂದರೆ

ಕತ್ತಲಾಗುವ ಹೊತ್ತಿಗೆ ಮಲ್ಲಿಗೆ, ಪೆಟೂನಿಯಾದಂಥ ಪರಿಮಳದ ಹೂಗಳ ಬಳಿ ಸುಮ್ಮನೆ ನಿಲ್ಲಿ. ಹೂವಿನ ಮೇಲೆ ಕೂರುವುದಿಲ್ಲ. ಎದುರಿಗೆ ಗಾಳಿಯಲ್ಲೇ ನಿಂತು ಉದ್ದ ಸೊಂಡಿಲು ಚಾಚಿ ಮಕರಂದ ಹೀರುತ್ತದೆ, ರೆಕ್ಕೆಯ ಗುಂಯ್ ಸದ್ದು ಕಿವಿಗೆ ಮೊದಲು ಬೀಳುತ್ತದೆ. ದೀಪಕ್ಕೂ ಬರುತ್ತದೆ. ಬೆಳಗಿನ ಜಾವ ದೀಪದ ಕೆಳಗಿನ ಗೋಡೆಯಲ್ಲಿ ಕೂತಿದ್ದರೆ ಒಂದು ಕಡ್ಡಿಗೆ ಹತ್ತಿಸಿಕೊಂಡು ಪೊದೆಯೊಳಗೆ ಬಿಡಿ. ಬಿಳಿ ಗೋಡೆಯ ಮೇಲೆ ಆ ಹಸಿರು ಯಾವುದನ್ನೂ ಮರೆಮಾಡುವುದಿಲ್ಲ.

ಬೋಳಾದ ಗಿಡಕ್ಕೆ

ಬೇರೂರಿದ ನಂದಿಬಟ್ಟಲಿಗೂ ಕಣಗಿಲೆಗೂ ಏನೂ ಮಾಡಬೇಕಿಲ್ಲ. ಕಡ್ಡಿಯಾದ ತುದಿಗಳನ್ನು ಒಂದಿಷ್ಟು ಸವರಿ ನೀರು ಕೊಡಿ, ಚಿಗುರು ಬರುತ್ತದೆ. ಕುಂಡದ ಅಡೇನಿಯಂ, ಈಗಷ್ಟೇ ನೆಟ್ಟ ಸಸಿ ಇಂಥವಕ್ಕೆ ಹುಳು ಭಾರವೇ. ಆಗ ಹುಳುವನ್ನು ಎಲೆಯ ಸಮೇತ ತೆಗೆದು ಅದೇ ಜಾತಿಯ ದೊಡ್ಡ ಗಿಡಕ್ಕೆ ದಾಟಿಸಿ. ಒಂದು ಗಿಡದಲ್ಲಿ ಬೆರಳೆಣಿಕೆಯಷ್ಟು ಹುಳುಗಳಿಗೆ ಔಷಧಿ ಹೊಡೆಯುವುದು ದಂಡದ ಕೆಲಸ. ಸಾವಯವ ಎಂದು ಮಾರುವ ಬಿಟಿ ಪುಡಿಯೂ (ಹುಳುಗಳನ್ನು ಕೊಲ್ಲುವ ಬ್ಯಾಕ್ಟೀರಿಯಾದಿಂದ ಮಾಡಿದ್ದು) ಈ ಹುಳು, ಆ ಹುಳು ಎಂದು ನೋಡುವುದಿಲ್ಲ, ಅದು ಬಿದ್ದ ಎಲೆ ತಿಂದ ಚಿಟ್ಟೆಯ ಮರಿಗಳೂ ಸಾಯುತ್ತವೆ. ಸಿಂಪಡಿಸಲೇಬೇಕೆಂದು ಅನಿಸಿದರೆ ಮೊದಲು ಬುಡದ ಹಿಕ್ಕೆ ನೋಡಿ. ಎಲ್ಲ ಒಣಗಿದ್ದರೆ ಹುಳು ಬಹುಶಃ ಆಗಲೇ ಆ ಗಿಡದಲ್ಲಿಲ್ಲ, ಔಷಧಿ ತಾಗುವುದು ಖಾಲಿ ಕಡ್ಡಿಗಳಿಗೆ ಮಾತ್ರ.